ಊಟದ ಕಾರ್ಡು ಕನ್ನಡದಲ್ಲೂ ಇರಲಿ

ಮಾನ್ಯ ಸಂಪಾದಕರೇ,

ನಾನು ಧಾರವಾಡದ ಸಪ್ತಾಪುರದಲ್ಲಿರುವ ಗೃಹಿಣಿ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಮನಸ್ಸಿನಲ್ಲೇ ಇಟ್ಟುಕೊಂಡು ಸುಮ್ನಿರಲು ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ತಿಂಗಳು ನಮ್ಮ ಮದುವೆಯಾಗಿ 35 ವರ್ಷ ತುಂಬಿತು. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿದ. "ಅವ್ವಾ, ಈ ಸಲ ಹೋಳಿಗಿ ಮಾಡ್ಕೋತ ಒಲಿ ಮುಂದ ನಿಂದ್ರಬ್ಯಾಡ. ಇಬ್ಬರೂ ಹೊರಗ ಹೋಗಿ ಉಂಡು ಬರ್ರಿ" ಅಂದ. ಹುಬ್ಬಳ್ಳಿಯ ಒಂದು ದೊಡ್ಡ ಹೋಟೆಲ್‌ನಲ್ಲಿ ಹತ್ತು ದಿನ ಸ್ಪೇನ್ ದೇಶದ ಅಡುಗೆ ಇಟ್ಟಿದ್ದರು. ಸಣ್ಣ ಸಣ್ಣ ತಟ್ಟೆಯಲ್ಲಿ ಕೊಡುವ ತಿಂಡಿಗಳು, ತಾಪಾಸ್ ಅಂತ ಅವುಗಳ ಹೆಸರು. ಅವನೇ ಅಲ್ಲಿಗೆ ಫೋನ್ ಮಾಡಿ ಟೇಬಲ್ ಬುಕ್ ಮಾಡಿದ. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ ಅಂತ ಆಗಲೇ ಹೇಳಿಯೂ ಇದ್ದ.

ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿ ಸಂಜೆ ಹುಬ್ಬಳ್ಳಿಗೆ ಹೋದೆವು. ಉಣಕಲ್ ಕೆರೆ ದಾಟುವಾಗ ನಮ್ಮ ಮನೆಯವರು, "ನಾವಿಬ್ಬರ ಹಿಂಗ ಹೊರಗ ಬಂದು ಎಷ್ಟು ವರ್ಷ ಆತು?" ಅಂದರು. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಹನ್ನೆರಡು ವರ್ಷ. ಮಕ್ಕಳ ಶಾಲೆ, ಅತ್ತೆಯವರ ಕಾಯಿಲೆ, ಮನೆ ಕಟ್ಟಿದ್ದು, ಇದರಲ್ಲೇ ದಿನ ಹೋಗಿದ್ದವು.

ಹೋಟೆಲ್ ಬಾಗಿಲ ಮೇಲೆ ಹೆಸರು ದೊಡ್ಡದಾಗಿ ಕನ್ನಡದಲ್ಲಿತ್ತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾನೂನಿಗೆ 2024ರಲ್ಲಿ ತಿದ್ದುಪಡಿ ಆದ ಮೇಲೆ ಅಂಗಡಿ, ಹೋಟೆಲ್‌ಗಳ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಅದನ್ನು ನೋಡಿ ಖುಷಿಯಾಯಿತು. ಒಳಗೆ ಹೋಗಿ ಕುಳಿತೆವು. ಊಟದ ಕಾರ್ಡು ಕೈಗೆ ಬಂತು. ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ. ನಮ್ಮ ಮನೆಯವರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಇಂಗ್ಲಿಷ್ ಪೇಪರನ್ನು ಸಲೀಸಾಗಿ ಓದುತ್ತಾರೆ. ಆದರೆ ಆ ಕಾರ್ಡಿನ ಮುಂದೆ ಇಬ್ಬರದೂ ಒಂದೇ ಪಾಡು. ಅಕ್ಷರ ಇಂಗ್ಲಿಷಿನವು, ಹೆಸರುಗಳು ಸ್ಪೇನ್‌ನವು. ಪಟಾಟಾಸ್ ಬ್ರಾವಾಸ್, ಕ್ರೊಕೆಟಾಸ್, ಗಾಸ್ಪಾಚೊ, ಪಾನ್ ಕೊನ್ ತೊಮಾತೆ. ಕೆಳಗೆ ಒಂದು ಸಾಲಿನ ವಿವರಣೆಯೂ ಇಲ್ಲ. ಬೇರೆ ದಿನದ ಕಾರ್ಡಿನಲ್ಲಿ ಹಸಿರು ಚುಕ್ಕೆ, ಕೆಂಪು ಚುಕ್ಕೆ ಇರುತ್ತಿತ್ತೇನೋ. ಈ ವಿಶೇಷ ಕಾರ್ಡಿನಲ್ಲಿ ಅದೂ ಇರಲಿಲ್ಲ.

"ಏನ ತರ್ಸೂಣು?" ಅಂತ ಅವರು ಕೇಳಿದರು.

"ನನಗೇನ ತಿಳಿತೈತ್ರಿ, ನೀವ ನೋಡ್ರಿ" ಅಂದೆ.

ಸಂಪಾದಕರೇ, 35 ವರ್ಷ ಅಡುಗೆ ಮಾಡಿದವಳು ನಾನು. ಮೂಗಿಗೆ ವಾಸನೆ ಬಂದರೆ ಒಗ್ಗರಣೆಗೆ ಏನು ಹಾಕಿದ್ದಾರೆ ಅಂತ ಹೇಳಬಲ್ಲೆ. ಅಂಥವಳು ಊಟದ ವಿಷಯದಲ್ಲಿ "ನನಗೇನ ತಿಳಿತೈತಿ" ಅನ್ನಬೇಕಾಯಿತು. ಆ ಮಾತು ನನ್ನ ಬಾಯಿಂದ ಬಂದದ್ದು ನನಗೆ ಇವತ್ತಿಗೂ ಬೇಜಾರು.

ಸುತ್ತ ಎಲ್ಲರೂ ಪಟಪಟ ಆರ್ಡರ್ ಕೊಡುತ್ತಿದ್ದರು. ಕೇಳಲು ಸಂಕೋಚವಾಯಿತು. ನಮ್ಮ ಮನೆಯವರು ಬೆರಳಿಟ್ಟು ಎರಡು ಹೆಸರು ತೋರಿಸಿದರು. ಮೊದಲು ಕ್ರೊಕೆಟಾಸ್ ಬಂತು. ಸಣ್ಣ ಬಿಳಿ ತಟ್ಟೆಯಲ್ಲಿ ನಾಲ್ಕು ಉಂಡೆ, ಬಂಗಾರದ ಬಣ್ಣ, ಮೇಲೆ ಗರಿಗರಿ. ನೋಡಿದರೆ ನಮ್ಮ ಆಲೂ ಬೋಂಡಾದ ತಮ್ಮ ಅನ್ನಬೇಕು. ಅವರು ಒಂದನ್ನು ಎತ್ತಿ ಬಾಯಿಯ ಹತ್ತಿರ ತಂದಿದ್ದರು. ಅಷ್ಟರಲ್ಲಿ ನೀರು ಕೊಡಲು ಬಂದ ಹುಡುಗ ಗಡಬಡಿಸಿ, "ಕಾಕಾರ, ತಡೀರಿ, ಅದರಾಗ ಕೋಳಿ ಐತ್ರಿ" ಅಂದ.

ನಮ್ಮ ಮನೆಯವರ ಹಣೆ ಮೇಲಿನ ವಿಭೂತಿ ನೋಡಿ ಆ ಹುಡುಗನಿಗೆ ಹೊಳೆಯಿತು. ಅಷ್ಟೇ. ವಿಭೂತಿ ಹಚ್ಚದವರು ಎಷ್ಟೋ ಜನ ಮಾಂಸ ತಿನ್ನುವುದಿಲ್ಲ. ಅವರಿಗೆ ಯಾರು ಹೇಳಬೇಕು? ಮಾಂಸ ತಿನ್ನುವವರಲ್ಲೂ ಒಬ್ಬರು ಹಂದಿ ಮುಟ್ಟುವುದಿಲ್ಲ, ಒಬ್ಬರು ದನ ಮುಟ್ಟುವುದಿಲ್ಲ, ಒಬ್ಬರಿಗೆ ಸಿಗಡಿ ತಿಂದರೆ ಮೈಯೆಲ್ಲ ದದ್ದು ಏಳುತ್ತದೆ. ಸ್ಪೇನ್‌ನಲ್ಲಿ ಇದೇ ಕ್ರೊಕೆಟಾಸ್ ಒಳಗೆ ಉಪ್ಪು ಹಚ್ಚಿ ಒಣಗಿಸಿದ ಹಂದಿ ಮಾಂಸದ ಚೂರು, ಇಲ್ಲವೇ ಮೀನು ಹಾಕುವುದು ರೂಢಿಯಂತೆ. ಹಾಲು, ಮೈದಾ, ಬೆಣ್ಣೆ ಕೂಡಿಸಿ ಗಟ್ಟಿಯಾಗಿ ಬೇಯಿಸಿ, ಅದರಲ್ಲಿ ಇವನ್ನು ಕಲಸಿ, ಉಂಡೆ ಕಟ್ಟಿ ಕರಿಯುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಾಗಿರುವಾಗ ಕಾರ್ಡಿನಲ್ಲಿ ಬರೆಯಬೇಕು, ಅಲ್ವಾ?

ಆ ಹುಡುಗ ಹಾನಗಲ್ ಕಡೆಯವನು. ತಟ್ಟೆ ತೆಗೆದುಕೊಂಡು ಹೋದ, ಮತ್ತೆ ಬಂದು ನಿಂತ. "ಅವ್ವಾರ, ನಾ ಒಂದೊಂದ ಹೇಳ್ತೀನ್ರಿ, ನಿಮಗ ಬೇಕಾದ್ದು ಹೇಳ್ರಿ" ಅಂದ. ಅಲ್ಲಿಂದ ನಮ್ಮ ಊಟ ಶುರುವಾಯಿತು. ಅವನು ಒಳಗೆ ಅಡುಗೆಯವರ ಹತ್ತಿರ ಕೇಳಿ ಕೇಳಿ ಕಲಿತಿದ್ದ. ಇದು ಸುಟ್ಟ ಬ್ರೆಡ್ಡಿನ ಮೇಲೆ ಬೆಳ್ಳುಳ್ಳಿ ಉಜ್ಜಿ, ಟೊಮೆಟೊ ಉಜ್ಜಿ, ಎಣ್ಣೆ ಉಪ್ಪು ಹಾಕಿದ್ದು. ಇದು ಆಲೂಗಡ್ಡೆ, ಇದಕ್ಕೆ ಮೊಟ್ಟೆ ಇದೆ, ನಿಮಗೆ ಬೇಡ. ಇದು ಆಲೂಗಡ್ಡೆಯೇ, ಇದಕ್ಕೆ ಮೊಟ್ಟೆ ಇಲ್ಲ, ಮೇಲೆ ಖಾರದ ಕೆಂಪು ಗೊಜ್ಜು. ಹೀಗೆ.

ಸುಟ್ಟ ಬ್ರೆಡ್ ಬಂದಾಗ ನನಗೆ ನಮ್ಮ ಮನೆಯ ಖಡಕ್ ರೊಟ್ಟಿ, ರಂಜಕ ನೆನಪಾಯಿತು. ಖಡಕ್ ರೊಟ್ಟಿಯ ಮೇಲೆ ರಂಜಕ ಸವರಿ ಹಸಿ ಎಣ್ಣೆ ಹಾಕಿಕೊಂಡು ತಿನ್ನುವುದು ನಮ್ಮಲ್ಲಿ ಹೊಲಕ್ಕೆ ಹೋಗುವವರ ನಾಷ್ಟಾ. ಅವರಲ್ಲಿಯೂ ಇದು ಬಡವರ ತಿಂಡಿಯೇ ಆಗಿತ್ತಂತೆ, ಒಣಗಿದ ಬ್ರೆಡ್ ಮೆತ್ತಗಾಗಲಿ ಅಂತ ಟೊಮೆಟೊ ಉಜ್ಜುತ್ತಿದ್ದರಂತೆ.

ಆಮೇಲೆ ಆಲೂಗಡ್ಡೆ ಬಂತು. ಪಟಾಟಾಸ್ ಬ್ರಾವಾಸ್ ಅಂದರೆ ಇದೇ. ಹೋಳು ಮಾಡಿ ಕರಿದ ಆಲೂಗಡ್ಡೆ, ಮೇಲೆ ಕೆಂಪು ಗೊಜ್ಜು. ಒಂದು ಹೋಳು ಬಾಯಿಗೆ ಹಾಕಿದೆ. ಖಾರ ಜಾಸ್ತಿ ಇರಲಿಲ್ಲ. ಆದರೆ ಮೂಗಿಗೆ ಹೊಗೆ ವಾಸನೆ ಬಂತು. ಒಲೆಯ ಹೊಗೆ ಅಲ್ಲ, ತಳ ಹತ್ತಿದ ವಾಸನೆಯೂ ಅಲ್ಲ. ಖಾರಪುಡಿಯೇ ಹೊಗೆ ಕುಡಿದಿತ್ತು. "ಈ ಮೆಣಸಿನಕಾಯಿ ಬಿಸಲಾಗ ಒಣಗಿಲ್ಲ, ಹೊಗಿಯಾಗ ಒಣಗೇತಿ" ಅಂದೆ. ಆ ಹುಡುಗ ನನ್ನ ಮುಖವನ್ನೇ ನೋಡಿದ. ಒಳಗೆ ಓಡಿ ಹೋಗಿ ಒಂದು ಸಣ್ಣ ತಗಡಿನ ಡಬ್ಬಿ ತಂದು ತೋರಿಸಿದ. ನನ್ನ ಮಾತು ನಿಜವಾಗಿತ್ತು.

ನನಗೆ ಹೇಗೆ ಗೊತ್ತಾಯಿತು ಅಂದರೆ, ನನ್ನ ತವರು ಬ್ಯಾಡಗಿ ಹತ್ತಿರದ ಒಂದು ಹಳ್ಳಿ. ನಾನು ಹುಟ್ಟಿ ಬೆಳೆದದ್ದು ಮೆಣಸಿನಕಾಯಿ ನಡುವೆ. ಬೇಸಿಗೆ ಹತ್ತಿರ ಬಂದಂತೆ ಕಣದ ತುಂಬ ಕೆಂಪು ಹಾಸಿಗೆ. ಸಂಜೆ ಗುಡ್ಡೆ ಹಾಕಿ ಮುಚ್ಚುವುದು, ಬೆಳಿಗ್ಗೆ ಮತ್ತೆ ಹರವುವುದು. ಬಿಳಿ ಹತ್ತಿದ ಕಾಯಿಯನ್ನು ಹೆಣ್ಣುಮಕ್ಕಳೆಲ್ಲ ಕುಳಿತು ಆರಿಸಬೇಕಿತ್ತು. ಆ ಕೈ ಕಣ್ಣಿಗೆ ತಾಗಿದರೆ ಮುಗಿಯಿತು. ರಾತ್ರಿ ಅಂಗೈ ಉರಿಯುತ್ತಿತ್ತು, ಅವ್ವ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿಸುತ್ತಿದ್ದಳು. ಡಬ್ಬಿ ಕಾಯಿ ಯಾವುದು, ಕಡ್ಡಿ ಕಾಯಿ ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದೆ. ಡಬ್ಬಿ ಗಿಡ್ಡ, ದಪ್ಪ, ಮೈಯೆಲ್ಲ ಸುಕ್ಕು. ಕಡ್ಡಿ ಉದ್ದ, ತೆಳ್ಳಗೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕಾಗಿಯೇ ದೂರದ ಕಂಪನಿಗಳು ಕೊಳ್ಳುತ್ತವೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಾಗ ನಮ್ಮಪ್ಪ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದರು.

ಆ ಹುಡುಗ ತಂದ ತಗಡಿನ ಡಬ್ಬಿಯಲ್ಲಿ ಇದ್ದದ್ದು ಸ್ಪೇನ್‌ನ ಲಾ ವೆರಾ ಅನ್ನುವ ಸೀಮೆಯ ಖಾರಪುಡಿ. ಮನೆಗೆ ಬಂದ ಮೇಲೆ ನಮ್ಮ ಮನೆಯವರು ಅದರ ಬಗ್ಗೆ ಓದಿ ಹೇಳಿದರು. ಅಲ್ಲಿ ಕಾಯಿ ಕೊಯ್ಯುವ ಹೊತ್ತಿಗೇ ಮಳೆ ಶುರುವಾಗುತ್ತದಂತೆ. ಬಿಸಿಲಿಗೆ ಹಾಕಲು ಆಗುವುದಿಲ್ಲ. ಅದಕ್ಕೆ ಒಂದು ಮನೆ ಕಟ್ಟಿ, ಕೆಳಗೆ ಓಕ್ ಮರದ ಕಟ್ಟಿಗೆಯ ನಿಧಾನದ ಬೆಂಕಿ, ಮೇಲೆ ಅಟ್ಟದಲ್ಲಿ ಮೆಣಸಿನಕಾಯಿ. ಎರಡು ವಾರದ ತನಕ ದಿನಾ ಕೈಯಿಂದ ತಿರುವಿ ಹಾಕಿ ಒಣಗಿಸುತ್ತಾರೆ. ಓದಿ ಕೇಳುವಾಗ ನನಗೆ ಆ ಊರಿನ ಹೆಂಗಸರ ಅಂಗೈ ನೆನಪಾಯಿತು. ಅವರಿಗೂ ಉರಿಯುತ್ತಿರಬೇಕು.

ಮೆಣಸಿನಕಾಯಿ ನಮ್ಮದೂ ಅಲ್ಲ, ಅವರದೂ ಅಲ್ಲ. ಮೂಲದಲ್ಲಿ ಅಮೆರಿಕದ್ದು. ಕೊಲಂಬಸ್ 1492ರಲ್ಲಿ ಹಡಗು ಹತ್ತಿ ಹೋಗಿ ಬಂದ ಮೇಲೆ ಸ್ಪೇನ್‌ಗೆ ಬಂತು. ಮುಂದೆ ಪೋರ್ಚುಗೀಸರ ಹಡಗಿನಲ್ಲಿ ಗೋವಾ ಕಡೆಗೆ ಬಂದು, ಘಟ್ಟ ಹತ್ತಿ ನಮ್ಮ ಸೀಮೆಗೆ ಬಂತು. ಆಲೂಗಡ್ಡೆ, ಟೊಮೆಟೊ ಕೂಡ ಹಾಗೇ. ನೋಡಿ, ಆ ತಟ್ಟೆಯಲ್ಲಿ ನನಗೆ ಗೊತ್ತಿಲ್ಲದ ಪದಾರ್ಥ ಒಂದೂ ಇರಲಿಲ್ಲ. ಗೊತ್ತಿಲ್ಲದ್ದು ಹೆಸರು ಮಾತ್ರ.

ತಾಪಾ ಅಂದರೆ ಅವರ ಭಾಷೆಯಲ್ಲಿ ಮುಚ್ಚಳ. ಹಿಂದೆ ಕುಡಿಯುವ ಲೋಟದೊಳಗೆ ನೊಣ ಬೀಳದಂತೆ ಮೇಲೆ ಬ್ರೆಡ್ಡಿನ ತುಂಡು ಮುಚ್ಚುತ್ತಿದ್ದರು, ಅದರಿಂದ ಹೆಸರು ಬಂತು ಅಂತ ಕಥೆ ಹೇಳುತ್ತಾರೆ. ಗ್ರಾನಡಾ ಊರಿನಲ್ಲಿ ಈಗಲೂ ಕುಡಿಯಲು ಏನಾದರೂ ತೆಗೆದುಕೊಂಡರೆ ಸಣ್ಣ ತಟ್ಟೆ ತಿಂಡಿ ಪುಕ್ಕಟೆ ಕೊಡುತ್ತಾರಂತೆ. ಅಲ್ಲಿಯವರು ರಾತ್ರಿ ಊಟ ಮಾಡುವುದು ಒಂಬತ್ತು, ಹತ್ತು ಗಂಟೆಗೆ. ಅದಕ್ಕೂ ಮೊದಲು ಮನೆಮಂದಿ, ಗೆಳೆಯರು ಕೂಡಿ ಹೊರಟು, ಒಂದು ಅಂಗಡಿಯಲ್ಲಿ ಒಂದು ತಿಂದು, ಮುಂದಿನ ಅಂಗಡಿಯಲ್ಲಿ ಇನ್ನೊಂದು ತಿಂದು, ಮಾತಾಡುತ್ತ ತಿರುಗುತ್ತಾರೆ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಗಿರಮಿಟ್ಟು, ಜೊತೆಗೆ ಬಿಸಿ ಮಿರ್ಚಿ, ನಾಲ್ಕು ಹೆಜ್ಜೆ ಮುಂದೆ ಇನ್ನೊಂದು. ತಿಂಡಿಗಿಂತ ಮಾತೇ ಜಾಸ್ತಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ತಾಪಾಸ್ ತಟ್ಟೆ ಒಬ್ಬರಿಗೆ ಒಂದು ಅಂತ ಇರುವುದಿಲ್ಲ. ನಡುವೆ ಇಟ್ಟು ಇಬ್ಬರೂ ತಿನ್ನಬೇಕು. ನಮ್ಮ ಮನೆಯಲ್ಲಿ ನಾನು ಬಡಿಸುತ್ತೇನೆ, ಅವರು ಉಣ್ಣುತ್ತಾರೆ. ಬಿಸಿ ರೊಟ್ಟಿ ಒಂದೊಂದಾಗಿ ಹೋಗುತ್ತಿರಬೇಕು. ಎಲ್ಲರದೂ ಆದ ಮೇಲೆ ನಾನು ಕೂಡುತ್ತೇನೆ. 35 ವರ್ಷ ಹೀಗೇ ನಡೆದಿದೆ, ಇಬ್ಬರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅವತ್ತು ಎದುರು ಬದುರು ಕುಳಿತು ಒಂದೇ ತಟ್ಟೆಗೆ ಕೈ ಹಾಕಿದಾಗ ಅವರು ಕೊನೆಯ ಹೋಳನ್ನು ನನ್ನ ಕಡೆ ಸರಿಸಿ, "ನೀ ತಿನ್ನು, ನೀ ಯಾವಾಗೂ ಕಡೀಕ ಉಳದದ್ದ ತಿಂತಿ" ಅಂದರು. ಅದೂ ಕೊನೆಗೆ ಉಳಿದ ಹೋಳೇ. ಆದರೂ ನನ್ನ ಗಂಟಲು ಬಿಗಿಯಿತು.

ಎಣ್ಣೆಯಲ್ಲಿ ಬಾಡಿಸಿ ಹರಳುಪ್ಪು ಉದುರಿಸಿದ ಸಣ್ಣ ಹಸಿಮೆಣಸಿನಕಾಯಿ ಬಂತು. ಸ್ಪೇನ್‌ನ ಪಾದ್ರೋನ್ ಅನ್ನುವ ಊರಿನ ತಳಿ ಇದಕ್ಕೆ ಹೆಸರುವಾಸಿ. ಕೆಲವು ಖಾರ, ಕೆಲವು ಇಲ್ಲ ಅಂತ ಅಲ್ಲಿ ಗಾದೆಯೇ ಇದೆ. ಇಲ್ಲಿ ಅದು ಸಿಗದೆ ನಮ್ಮ ಮಿರ್ಚಿ ಕಾಯಿಯಲ್ಲೇ ಎಳೆಯದನ್ನು ಬಳಸಿದ್ದರು. ನನಗೆ ಮೂರೂ ಸಪ್ಪೆ ಬಂದವು. ಅವರಿಗೆ ಮೊದಲನೆಯದೇ ಖಾರ. ಕಣ್ಣಲ್ಲಿ ನೀರು ಬಂದರೂ ತಟ್ಟೆ ಬಿಡಲಿಲ್ಲ.

ಗಾಸ್ಪಾಚೊ ಅಂದರೆ ಕುದಿಸದ, ತಣ್ಣನೆಯ ಟೊಮೆಟೊ ಸಾರು. ಬೇಸಿಗೆಯ ಉರಿ ಇರುವ ದಕ್ಷಿಣ ಸ್ಪೇನ್‌ನ ಅಡುಗೆ. ನಮ್ಮಿಬ್ಬರಿಗೂ ಸೇರಲಿಲ್ಲ. ಕೊನೆಗೆ ಬಂದ ಚುರ್ರೋಸ್ ಮಾತ್ರ ಬಹಳ ಸೇರಿತು. ಬಿಸಿ ನೀರಿನಲ್ಲಿ ಮೈದಾ ಕಲಸಿ, ಚಕ್ಕಲಿ ಒರಳಿನಂಥದ್ದರಲ್ಲಿ ಒತ್ತಿ, ಕರಿದು, ಸಕ್ಕರೆ ಹೊರಳಿಸಿ, ಬಿಸಿ ಚಾಕಲೇಟಿನಲ್ಲಿ ಅದ್ದಿ ತಿನ್ನುವುದು. ಇದಕ್ಕೆ ಮೊಟ್ಟೆ ಹಾಕಿಲ್ಲ ಅಂತ ಆ ಹುಡುಗ ಎರಡು ಸಲ ಒಳಗೆ ಹೋಗಿ ಕೇಳಿಕೊಂಡು ಬಂದ.

ಇಷ್ಟು ಒಳ್ಳೆಯ ಸಂಜೆಗೆ ಕಾರಣ ಆ ಹುಡುಗ. ಆದರೆ ಬಿಲ್ಲು ಕೊಡುವ ಹೊತ್ತಿಗೆ ಸೂಟು ಹಾಕಿದ ಒಬ್ಬರು ಬಂದು ಅವನನ್ನು ಬದಿಗೆ ಕರೆದು, ಒಂದೇ ಟೇಬಲ್ ಹತ್ತಿರ ಇಷ್ಟು ಹೊತ್ತು ಯಾಕೆ ನಿಂತೆ, ಗೆಸ್ಟ್ ಜೊತೆ ಮಾತು ಜಾಸ್ತಿಯಾಯಿತು ಅಂತ ಬೈದರು. ನಮಗೆ ಕೇಳಿಸಿತು. ನಮ್ಮ ಮನೆಯವರು ಎದ್ದು ಹೋಗಿ, ತಪ್ಪು ನಿಮ್ಮ ಕಾರ್ಡಿನದು, ಹುಡುಗನದಲ್ಲ ಅಂದರು. ಅದಕ್ಕೆ ಬಂದ ಉತ್ತರ: "ಸರ್, ಇಲ್ಲಿಗೆ ಬರುವವರಿಗೆಲ್ಲ ಇಂಗ್ಲಿಷ್ ಬರುತ್ತದೆ."

ಈ ಮಾತಿಗಾಗಿ ನಾನು ಈ ಪತ್ರ ಬರೆಯುತ್ತಿದ್ದೇನೆ. ಹೋಟೆಲ್ ಹೆಸರು ಬರೆಯುತ್ತಿಲ್ಲ. ಬರೆದರೆ ಮೊದಲು ಪೆಟ್ಟು ಬೀಳುವುದು ಆ ಹುಡುಗನ ಮೇಲೆ. ಇದು ಒಂದೇ ಹೋಟೆಲ್ಲಿನ ಮಾತೂ ಅಲ್ಲ. ಹುಬ್ಬಳ್ಳಿ, ಧಾರವಾಡ ಎರಡೂ ಕಡೆ ಹೊಸ ಹೊಸ ಊಟದ ಜಾಗಗಳು ಬರುತ್ತಿವೆ. ಬರಲಿ. ನಮ್ಮಂಥ ವಯಸ್ಸಿನವರೂ ಹೋಗಬೇಕು, ಹೊಸ ರುಚಿ ನೋಡಬೇಕು. ಇಂಗ್ಲಿಷ್ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಸ್ಪೇನ್ ಹೆಸರುಗಳೂ ಇರಲಿ, ಅವು ಚೆಂದ ಇವೆ, ಬಾಯಿಪಾಠ ಆಗಿವೆ ನನಗೆ. ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಏನು ಹಾಕಿದೆ, ಹೇಗೆ ಮಾಡಿದೆ, ಮಾಂಸವೋ, ಮೊಟ್ಟೆಯೋ, ಮೀನೋ, ಇಷ್ಟು ಸಾಕು.

ತಾಪಾಸ್ ಹುಟ್ಟಿದ ದೇಶದಲ್ಲೇ ಇದಕ್ಕೆ ದಾರಿ ಇದೆ. ಬಾರ್ಸಿಲೋನಾ ಇರುವ ಕ್ಯಾಟಲೋನಿಯಾದಲ್ಲಿ ಜನರ ಭಾಷೆ ಕ್ಯಾಟಲಾನ್. 2010ರ ಅಲ್ಲಿನ ಗ್ರಾಹಕ ಕಾನೂನಿನ ಪ್ರಕಾರ ಹೋಟೆಲ್ಲಿನ ಊಟದ ಕಾರ್ಡು ಕನಿಷ್ಠ ಕ್ಯಾಟಲಾನ್‌ನಲ್ಲಿ ಇರಲೇಬೇಕು. ಬೇರೆ ಎಷ್ಟು ಭಾಷೆ ಬೇಕಾದರೂ ಸೇರಿಸಬಹುದು. ಲಕ್ಷಗಟ್ಟಲೆ ಪ್ರವಾಸಿಗರು ಬರುವ ಊರಿನಲ್ಲಿ ಇದು ನಡೆಯುತ್ತದೆ ಅಂದರೆ, ಚೆನ್ನಮ್ಮ ಸರ್ಕಲ್ ಇರುವ ಊರಿನಲ್ಲಿ ಯಾಕೆ ನಡೆಯಬಾರದು?

ನಮ್ಮ ಖಾನಾವಳಿಗಳಿಗೆ ಕಾರ್ಡೇ ಬೇಕಾಗಿಲ್ಲ. ಬಡಿಸುವವರು ಕೈಯಲ್ಲಿ ಏನಿದೆ ಅಂತ ಹೇಳುತ್ತಲೇ ಬರುತ್ತಾರೆ. ಎಣಗಾಯಿ ಹಾಕ್ಲ್ಯಾ, ಮಡಕಿಕಾಳ ಪಲ್ಯೆ ಹಾಕ್ಲ್ಯಾ, ಗುರೆಳ್ಳ ಚಟ್ನಿ ಬೇಕೇನ್ರಿ ಅಂತ. ಉಣ್ಣುವವರಿಗೆ ತಟ್ಟೆಯಲ್ಲಿ ಏನು ಬೀಳುತ್ತಿದೆ ಅಂತ ಗೊತ್ತಿರಬೇಕು. ಇಷ್ಟನ್ನೇ ನಾನು ದೊಡ್ಡ ಹೋಟೆಲ್ಲಿನವರಿಗೂ ಕೇಳುತ್ತಿರುವುದು.

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯವರಿಗೆ ನನ್ನ ವಿನಂತಿ: ಹೊರಗಿನ ಬೋರ್ಡು ನೋಡುವ ನಿಮ್ಮ ಸಿಬ್ಬಂದಿ ಒಳಗೆ ಬಂದು ಊಟದ ಕಾರ್ಡನ್ನೂ ನೋಡಲಿ. ಬೋರ್ಡು ಓದಿ ಯಾರ ಹೊಟ್ಟೆಯೂ ತುಂಬುವುದಿಲ್ಲ, ಯಾರ ವ್ರತವೂ ಕೆಡುವುದಿಲ್ಲ. ಕಾರ್ಡು ತಪ್ಪಿದರೆ ಕೆಡುತ್ತದೆ. ಹೋಟೆಲ್ ಮಾಲೀಕರು ಕಾನೂನು ಬರುವ ತನಕ ಕಾಯಬೇಕಾಗಿಯೂ ಇಲ್ಲ. ಒಂದು ಹಾಳೆ ಜೆರಾಕ್ಸ್ ಮಾಡಿಸಿದರೆ ಆಯಿತು.

ಬರೆದುಕೊಡುವವರಿಲ್ಲ ಅನ್ನುವುದಾದರೆ ನಾನು ಬರೆದುಕೊಡುತ್ತೇನೆ. ದುಡ್ಡು ಬೇಡ. ನಮ್ಮ ಓಣಿಯಲ್ಲಿ ನನ್ನಂತೆ ಅಡುಗೆ ಬಲ್ಲ, ಚೆನ್ನಾಗಿ ಕನ್ನಡ ಬರೆಯುವ ಐದಾರು ಹೆಣ್ಣುಮಕ್ಕಳಿದ್ದಾರೆ, ಅವರೂ ಒಪ್ಪಿದ್ದಾರೆ. ಅವತ್ತು ರಾತ್ರಿ ಚಿಗರಿ ಬಸ್ಸಿನಲ್ಲಿ ಮರಳುವಾಗಲೇ ಬಿಲ್ಲಿನ ಹಿಂದೆ ಬರೆಯಲು ಶುರು ಮಾಡಿದ್ದೆ. "ಪಟಾಟಾಸ್ ಬ್ರಾವಾಸ್: ಕರಿದ ಆಲೂಗಡ್ಡೆ ಹೋಳು, ಮೇಲೆ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಗೊಜ್ಜು. ಸಸ್ಯಾಹಾರ." "ಕ್ರೊಕೆಟಾಸ್: ಹಾಲು, ಮೈದಾ, ಕೋಳಿ ಸೇರಿಸಿ ಉಂಡೆ ಕಟ್ಟಿ ಕರಿದದ್ದು. ಮಾಂಸಾಹಾರ." "ತೊರ್ತಿಯಾ: ಆಲೂಗಡ್ಡೆ, ಉಳ್ಳಾಗಡ್ಡಿ ಹಾಕಿದ ದಪ್ಪ ಆಮ್ಲೆಟ್. ಮೊಟ್ಟೆ ಇದೆ." ನವನಗರ ದಾಟುವುದರೊಳಗೆ ಏಳು ತಿಂಡಿ ಮುಗಿದಿದ್ದವು. ಬಸ್ಸು ಅಲುಗಿದಾಗ ಅಕ್ಷರ ಸೊಟ್ಟಗಾಗದಂತೆ ನಮ್ಮ ಮನೆಯವರು ತಮ್ಮ ಕನ್ನಡಕದ ಪೆಟ್ಟಿಗೆಯನ್ನು ಹಾಳೆಯ ಕೆಳಗೆ ಹಿಡಿದಿದ್ದರು.

ಆ ಹಾಳೆಯನ್ನು ಚೊಕ್ಕವಾಗಿ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಇದ್ದರೆ ಅದನ್ನೂ ಅಚ್ಚು ಮಾಡಿ. ಯಾವ ಹೋಟೆಲ್ಲಿನವರು ಬೇಕಾದರೂ ಹಾಗೇ ತೆಗೆದುಕೊಂಡು ಬಳಸಬಹುದು, ನನ್ನನ್ನು ಕೇಳಬೇಕಾಗಿಲ್ಲ.

ಇಂತಿ,
ನಿಮ್ಮ ಓದುಗಿ,
ಸಪ್ತಾಪುರ, ಧಾರವಾಡ